ಪದಚರ್ಚೆ: ಊರಿನ ಹೆಸರನ್ನೇ ಹೇಳುವ ಲಾಂಛನಕ್ಕೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ಇಟಲಿಯ ಸಿಸಿಲಿ ದ್ವೀಪ ಸುತ್ತಿ ಬಂದ ಗೆಳೆಯರೊಬ್ಬರ ಫೋಟೋಗಳಿಗೆ ಕನ್ನಡದಲ್ಲಿ ಅಡಿಬರಹ ಬರೆದುಕೊಡುತ್ತಿದ್ದೇನೆ. ಚರ್ಚು, ಕಡಲು, ಎಟ್ನಾ ಬೆಟ್ಟ ಎಲ್ಲ ಸಲೀಸಾಗಿ ಮುಗಿಯಿತು. ಊರುಗಳ ಬಾವುಟದ ಹತ್ತಿರ ಬಂದಾಗ ಸಿಕ್ಕಿಹಾಕಿಕೊಂಡೆ.

ಅಲ್ಲಿನ ಊರಾಡಳಿತಕ್ಕೆ ‘ಕೊಮೂನೆ’ ಎನ್ನುತ್ತಾರೆ. ಪ್ರತಿ ಕೊಮೂನೆಗೂ ಒಂದು ‘ಸ್ತೆಮ್ಮ’ ಇರುತ್ತದೆ. ಗುರಾಣಿಯ ಆಕಾರ, ಅದರೊಳಗೆ ಚಿತ್ರ, ಮೇಲೆ ಕೋಟೆಗೋಡೆಯಂಥ ಕಿರೀಟ. 1943ರ ರಾಜಾಜ್ಞೆಯ ಪ್ರಕಾರ ‘ನಗರ’ ಎಂಬ ಬಿರುದು ಪಡೆದ ಊರಿಗೆ ಚಿನ್ನದ ಕಿರೀಟ, ಉಳಿದ ಊರುಗಳಿಗೆ ಬೆಳ್ಳಿಯದು. ಇದನ್ನು ‘ಲಾಂಛನ’ ಅಂದರೆ ಸಾಕು ಅಂದುಕೊಂಡಿದ್ದೇನೆ. ಬಾವುಟಕ್ಕೂ ಅದೇ ಪದ ಬಳಸುವುದು ಮಾತ್ರ ಸರಿ ಕಾಣಲಿಲ್ಲ. ಕದಂಬರ ಶಾಸನಗಳನ್ನೇ ನೋಡಿ: ಲಾಂಛನ ಸಿಂಹ, ಧ್ವಜದ ಮೇಲೆ ವಾನರ. ನಮ್ಮವರಿಗೆ ಇವೆರಡೂ ಬೇರೆ ಬೇರೆಯೇ ಆಗಿದ್ದವು.

ಇನ್ನು ‘ಗೊನ್ಫಲೋನೆ’. ಇದು ಕಂಬದ ಪಕ್ಕಕ್ಕೆ ಕಟ್ಟಿ ಹಾರಿಸುವ ಬಟ್ಟೆಯಲ್ಲ. ಅಡ್ಡಕೋಲಿನಿಂದ ಕೆಳಕ್ಕೆ ಇಳಿಬಿಟ್ಟಿರುತ್ತಾರೆ. ನಡುವೆ ಊರಿನ ಲಾಂಛನ, ಜೊತೆಗೆ ಊರಿನ ಹೆಸರು. ಮೆರವಣಿಗೆಯಲ್ಲಿ ಹಿಡಿದುಕೊಂಡು ನಡೆಯುತ್ತಾರೆ. ‘ಪತಾಕೆ’ ಅಂದರೆ ಗಾಳಿಗೆ ಪಟಪಟ ಹಾರುವುದೇ ಕಣ್ಣಿಗೆ ಬರುತ್ತದೆ, ಅಲ್ವಾ? ನನಗೆ ಹೊಳೆದದ್ದು ‘ನಿಶಾನೆ’. ಮೈಸೂರು ದಸರಾದ ನಿಶಾನೆ ಆನೆಯಿಂದಾಗಿ ಆ ಪದಕ್ಕೆ ಮೆರವಣಿಗೆಯ ನಂಟಿದೆ. ಆದರೆ ‘ಹಸಿರು ನಿಶಾನೆ’ ಅಂತ ಬರೆದು ಬರೆದು ಪತ್ರಿಕೆಗಳು ಅದನ್ನು ಸವೆಸಿಬಿಟ್ಟಿವೆ. ಅಂದಹಾಗೆ ಕತಾನಿಯ ಊರಿನ ಲಾಂಛನವೇ ಆನೆ. ಅಲ್ಲಿನ ಚೌಕದಲ್ಲಿ ಲಾವಾ ಕಲ್ಲಿನ ಕರಿ ಆನೆಯೊಂದು ಬೆನ್ನ ಮೇಲೆ ಕಲ್ಲಿನ ಕಂಬ ಹೊತ್ತು ನಿಂತಿದೆ. ನಮ್ಮಲ್ಲಿ ಆನೆಯ ಮೇಲೆ ನಿಶಾನೆ, ಅಲ್ಲಿ ನಿಶಾನೆಯ ಮೇಲೆ ಆನೆ!

ಇವೆಲ್ಲ ಹೇಗೋ ಸರಿಹೋಗುತ್ತವೆ. ನಿಜವಾದ ತೊಡಕು ಮುಂದಿದೆ. ಕೆಲವು ಲಾಂಛನಗಳು ಊರಿನ ಹೆಸರನ್ನೇ ಚಿತ್ರದಲ್ಲಿ ಹೇಳುತ್ತವೆ. ತ್ರಾಪನಿಯ ಹಳೆಯ ಗ್ರೀಕ್ ಹೆಸರು ‘ದ್ರೆಪನೊನ್’, ಅಂದರೆ ಕುಡುಗೋಲು. ಕಡಲಿಗೆ ಚಾಚಿದ ಅಲ್ಲಿನ ನೆಲ ಹಾಗೆ ಬಾಗಿದೆ. ಅದರ ಲಾಂಛನದಲ್ಲೂ ಕುಡುಗೋಲಿದೆ. ಕೊರ್ಲಿಯೋನೆಯದು ಇನ್ನೂ ಮಜವಾಗಿದೆ. ಲ್ಯಾಟಿನ್ನಿನಲ್ಲಿ ‘ಕೊರ್’ ಅಂದರೆ ಹೃದಯ, ಇಟಾಲಿಯನ್ನಿನಲ್ಲಿ ‘ಲಿಯೋನೆ’ ಅಂದರೆ ಸಿಂಹ. ಹಾಗಾಗಿ ಲಾಂಛನದಲ್ಲಿ ಒಂದು ಸಿಂಹ ಮುಂಗಾಲಲ್ಲಿ ಹೃದಯ ಹಿಡಿದು ನಿಂತಿದೆ. ಅಸಲಿಗೆ ಆ ಹೆಸರಿನ ಮೂಲ ಖಚಿತವಿಲ್ಲ, ಅರಬರ ಕಾಲದಲ್ಲೇ ಅದು ಬೇರೆ ರೂಪದಲ್ಲಿತ್ತು, ಸಿಂಹಕ್ಕೂ ಅದಕ್ಕೂ ಸಂಬಂಧವಿದ್ದಂತಿಲ್ಲ. ಹೆಸರು ಬಾಯಿಂದ ಬಾಯಿಗೆ ಸವೆಯಿತು, ಸಿಂಹ ಆಮೇಲೆ ಬಂತು.

ಇಟಾಲಿಯನ್ನರು ಇಂಥವನ್ನು ‘ಮಾತಾಡುವ ಲಾಂಛನ’ ಎಂಬ ಅರ್ಥದ ಪದದಿಂದ ಕರೆಯುತ್ತಾರೆ. ಅದನ್ನೇ ಕನ್ನಡಕ್ಕೆ ತಂದರೆ ಮಕ್ಕಳ ಆಟಿಕೆಯ ಹೆಸರಿನ ಹಾಗೆ ಕೇಳಿಸುತ್ತದೆ. ಇಂಥದ್ದು ನಮಗೆ ಹೊಸದೂ ಅಲ್ಲ. ‘ಹೊಯ್ ಸಳ’ ಎಂದ ಗುರು, ಮೃಗವನ್ನು ಇರಿಯುತ್ತಿರುವ ಸಳ, ಬೇಲೂರಿನ ಬಾಗಿಲಲ್ಲಿ ನಿಂತ ಆ ಶಿಲ್ಪ. ಹೊಯ್ಸಳರ ಲಾಂಛನ ಅವರ ಹೆಸರನ್ನೇ ಹೇಳುತ್ತದೆ. ಹೆಸರಿಗೆ ತಕ್ಕಂತೆ ಆಮೇಲೆ ಕಟ್ಟಿದ ಕತೆ ಇದು ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ಥೇಟ್ ಕೊರ್ಲಿಯೋನೆಯ ಸಿಂಹದ ಹಾಗೆ! ವಸ್ತು ಸಾವಿರ ವರ್ಷದಿಂದ ನಮ್ಮ ಕಣ್ಣ ಮುಂದಿದೆ, ಅದಕ್ಕೊಂದು ಪದ ಮಾತ್ರ ನನಗೆ ಯಾವ ನಿಘಂಟಿನಲ್ಲೂ ಸಿಗಲಿಲ್ಲ.

ನಾನು ಯೋಚಿಸಿದ್ದು ಇಷ್ಟು. ‘ಶ್ಲೇಷ ಲಾಂಛನ’ ಕೊರ್ಲಿಯೋನೆಗೆ ಚೆನ್ನಾಗಿ ಒಪ್ಪುತ್ತದೆ. ತ್ರಾಪನಿಗೆ ಒಪ್ಪುವುದಿಲ್ಲ, ಅಲ್ಲಿ ಶ್ಲೇಷೆಯೇ ಇಲ್ಲ, ಕುಡುಗೋಲು ಅಂದರೆ ಕುಡುಗೋಲೇ. ಶಾಲೆಯ ವ್ಯಾಕರಣದ ‘ಅನ್ವರ್ಥನಾಮ’ ನೆನಪಾಗಿ ‘ಅನ್ವರ್ಥ ಲಾಂಛನ’ ಅಂತಲೂ ಬರೆದು ನೋಡಿದೆ. ಅದು ತ್ರಾಪನಿಗೆ ಸರಿ, ಕೊರ್ಲಿಯೋನೆಗೆ ಸುಳ್ಳು. ‘ಹೆಸರುಲಾಂಛನ’ ಎರಡಕ್ಕೂ ಆಗಬಹುದು, ಆದರೆ ಮನೆ ಬಾಗಿಲಿನ ಬೋರ್ಡಿನ ಹಾಗಿದೆ. ಆದರೂ ಸದ್ಯಕ್ಕೆ ನನ್ನ ಒಲವು ಅದರ ಕಡೆಗೇ.

ಶಾಸನ ಓದುವವರು ಯಾರಾದರೂ ಇದ್ದರೆ, ಇಂಥ ಲಾಂಛನಕ್ಕೆ ಹಳಗನ್ನಡದಲ್ಲಿ ಪದವಿತ್ತೇ ಹೇಳಿ. ಇಲ್ಲವಾದರೆ ಸುಮ್ನೆ ನಿಮ್ಮ ಕಿವಿಗೆ ಯಾವುದು ಸರಿ ಕೇಳಿಸುತ್ತದೆ ಅಂತ ಬರೆದರೂ ಸಾಕು. ಕೊರ್ಲಿಯೋನೆಯ ಫೋಟೋದ ಕೆಳಗೆ ಜಾಗ ಖಾಲಿ ಬಿಟ್ಟುಕೊಂಡು ಕೂತಿದ್ದೇನೆ.