ಮೋಲ್ ಪರಿಕಲ್ಪನೆ ಕಲಿಸುವ ಬಗ್ಗೆ ಸಹಾಯ ಬೇಕು

ಗುಂಪಿನ ಶಿಕ್ಷಕ ಮಿತ್ರರೆಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ನಮ್ಮ ಮಕ್ಕಳು ರಾಸಾಯನಿಕ ಸಮೀಕರಣವನ್ನು ಚೆನ್ನಾಗಿಯೇ ಸರಿದೂಗಿಸುತ್ತಾರೆ. ಆದರೆ ನೀರು ಉಂಟಾಗಲು ಎರಡು ಹೈಡ್ರೋಜನ್ ಅಣುಗಳಿಗೆ ಒಂದು ಆಕ್ಸಿಜನ್ ಅಣು ಎಂದ ಕೂಡಲೇ 2 ಗ್ರಾಂಗೆ 1 ಗ್ರಾಂ ಸಾಕೆಂದು ಬರೆದುಬಿಡುತ್ತಾರೆ, 4 ಗ್ರಾಂ ಹೈಡ್ರೋಜನ್‌ಗೆ 32 ಗ್ರಾಂ ಆಕ್ಸಿಜನ್ ಬೇಕೆಂಬುದು ಎಷ್ಟು ಹೇಳಿದರೂ ಮನಸ್ಸಿಗೆ ಇಳಿಯುತ್ತಿಲ್ಲ. ಎಣಿಕೆ ಬೇರೆ, ತೂಕ ಬೇರೆ ಎಂದು ತೋರಿಸಲು ನೂರು ಅವರೆಕಾಳು, ನೂರು ಹೆಸರುಕಾಳುಗಳನ್ನು ತೂಗಿಸಿದೆ. 342 ಗ್ರಾಂ ಸಕ್ಕರೆಯ ಪೊಟ್ಟಣ ಕಟ್ಟಿ, ಇದರಲ್ಲಿ ಒಂದು ಮೋಲ್, ಅಂದರೆ 6.022 × 10²³ ಅಣುಗಳಿವೆ ಎಂದಾಗ ಕಬ್ಬಿನ ಗದ್ದೆಗಳ ನಡುವೆ ಬೆಳೆದ ಆ ಮಕ್ಕಳ ಕಣ್ಣರಳಿದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ಈಗ ತೊಡಕಾಗಿರುವುದು, ಯಾವ ವಸ್ತು ಮೊದಲು ಮುಗಿಯುತ್ತದೋ ಅದೇ ಉತ್ಪನ್ನದ ಪ್ರಮಾಣವನ್ನು ನಿರ್ಧರಿಸುತ್ತದೆ ಎಂಬ ಭಾಗ. ಬಾಟಲಿಗಳಲ್ಲಿ ಒಂದೇ ಅಳತೆಯ ವಿನೆಗರ್ ಹಾಕಿ, ಅಡುಗೆ ಸೋಡಾವನ್ನು ಮಾತ್ರ ಹೆಚ್ಚಿಸುತ್ತಾ ಹೋದರೆ, ಹೊರಬರುವ ಅನಿಲದಿಂದ ಬಾಟಲಿಯ ಬಾಯಿಗೆ ಕಟ್ಟಿದ ಬಲೂನು ಒಂದು ಹಂತದ ನಂತರ ಇನ್ನಷ್ಟು ಹಿಗ್ಗುವುದಿಲ್ಲ ಎಂದು ತೋರಿಸುವ ಆಲೋಚನೆಯಿದೆ. ಲೆಕ್ಕದ ಪ್ರಕಾರ ವಿನೆಗರ್‌ನಲ್ಲಿರುವ 5 ಗ್ರಾಂ ಅಸಿಟಿಕ್ ಆಮ್ಲಕ್ಕೆ 7 ಗ್ರಾಂ ಸೋಡಾ ಸರಿಹೊಂದುತ್ತದೆ. ನಮ್ಮಲ್ಲಿರುವುದು 1 ಗ್ರಾಂಗಿಂತ ಸಣ್ಣ ವ್ಯತ್ಯಾಸ ತೋರಿಸದ ತಕ್ಕಡಿ. ತರಗತಿಯಲ್ಲಿ ಇದನ್ನು ಮಾಡಿದವರು, ಎಷ್ಟೆಷ್ಟು ಪ್ರಮಾಣ ತೆಗೆದುಕೊಂಡರೆ ವ್ಯತ್ಯಾಸ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿ.