ಪದಚರ್ಚೆ: ‘ಓವರ್‌ಟೈಮ್ ವರ್ಕ್’ ಅಂದರೆ ಹೆಚ್ಚುವರಿ ಕೆಲಸವೇ?

ಗೆಳೆಯರೇ, ನಮಸ್ಕಾರ.

ಕಟ್ಟಡ ಕೆಲಸದ ಸೂಪರ್‌ವೈಸರ್‌ಗಳಿಗೆಂದು ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಎಂಬ, ಕೆಲಸಗಳ ಯೋಜನೆ ಹಾಕುವ ತಂತ್ರಾಂಶದ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಆ ತಂತ್ರಾಂಶದಲ್ಲಿ ‘ಓವರ್‌ಟೈಮ್ ವರ್ಕ್’ ಎಂಬ ಕಾಲಂ ಇದೆ. ನಾನು ಹಿಂದೆಮುಂದೆ ನೋಡದೆ ‘ಹೆಚ್ಚುವರಿ ಕೆಲಸ’ ಎಂದು ಬರೆದುಬಿಟ್ಟೆ. ಎಡವಟ್ಟಾಯಿತು.

ಟೈಲ್ಸ್ ಹಾಕುವ ಕೆಲಸ 40 ಗಂಟೆಯದು ಅಂತಿಟ್ಟುಕೊಳ್ಳಿ. ಒಬ್ಬನೇ ಮೇಸ್ತ್ರಿ, ದಿನಕ್ಕೆ 8 ಗಂಟೆ, 5 ದಿನ ಬೇಕು. ಬೇಗ ಮುಗಿಯಲಿ ಎಂದು ಅವನು 4 ದಿನ, ಸಂಜೆ 2 ಗಂಟೆಯಂತೆ ಓಟಿ (ಓವರ್‌ಟೈಮ್) ಮಾಡುತ್ತಾನೆ. ಆ ಕಾಲಂನಲ್ಲಿ 8 ಎಂದು ತುಂಬಬೇಕು. ಒಟ್ಟು ಕೆಲಸ 40 ಗಂಟೆಯೇ ಇರುತ್ತದೆ. ಅದರಲ್ಲಿ 32 ದಿನದ ವೇಳೆಯದು, 8 ಓಟಿಯದು. 4 ದಿನಕ್ಕೆ ಕೆಲಸ ಮುಗಿಯುತ್ತದೆ.

ನನ್ನ ಕರಡು ಓದಿದ ಹುಡುಗರು ಏನು ಮಾಡಿದರು ಗೊತ್ತಾ? ‘ಹೆಚ್ಚುವರಿ’ ಅಲ್ವಾ, ಹಾಗಾಗಿ 40ಕ್ಕೆ 8 ಸೇರಿಸಿ ಒಟ್ಟು ಕೆಲಸವನ್ನೇ 48 ಮಾಡಿದರು. 5 ದಿನದ್ದು 6 ದಿನಕ್ಕೆ ಹೋಯಿತು! ತಪ್ಪು ಅವರದ್ದಲ್ಲ, ನನ್ನ ಪದದ್ದು. ಇಲ್ಲಿ ಜಾಸ್ತಿಯಾಗುವುದು ದಿನದ ದುಡಿಮೆಯ ಹೊತ್ತು. ಕೆಲಸ ಇದ್ದಷ್ಟೇ ಇದೆ.

ಹಾಗಾದರೆ ಯಾವ ಪದ? ‘ಹೊತ್ತು ಮೀರಿದ ಕೆಲಸ’ ಎಂದು ಬರೆದು ನೋಡಿದೆ. ಆದರೆ ಹೊತ್ತು ಮೀರಿತು ಅಂದರೆ ತಡವಾಯಿತು ಅಂತ. ಗಡುವು ದಾಟಿದ ಕೆಲಸ ಎಂದೇ ಎಲ್ಲರೂ ಓದುತ್ತಾರೆ. ‘ಅಧಿಕಾವಧಿ’ ಸರಿ ಅನ್ನಿಸಿದರೂ ಸೈಟಿನಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಉಳಿದ ಗಂಟೆಗಳಿಗೆ ‘ಮಾಮೂಲಿ ಕೆಲಸ’ ಅನ್ನೋಣವೆಂದರೆ, ‘ಮಾಮೂಲು’ ಎಂದೊಡನೆ ಕೆಲವರು ಜೇಬು ಮುಟ್ಟಿಕೊಳ್ಳುತ್ತಾರೆ.

ಎಲ್ಲರೂ ಆಡುವ ಮಾತು ‘ಓಟಿ’. ಆಸ್ಪತ್ರೆಯವರಿಗೆ ಅದು ಆಪರೇಷನ್ ಥಿಯೇಟರ್, ಇರಲಿ. ‘ಆದ ಓಟಿ’, ‘ಉಳಿದ ಓಟಿ’ ಎಂದರೆ ಪಕ್ಕದ ಕಾಲಂಗಳಿಗೂ ಹೆಸರು ಸಿಕ್ಕಿತು. ಆದರೆ ಓಟಿ ಅಂದ ಕೂಡಲೇ ಡಬಲ್ ದುಡ್ಡು ಎಂಬ ಲೆಕ್ಕವೂ ಜೊತೆಗೆ ಬರುತ್ತದೆ. ಕಾರಣ ಇದೆ: 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9 ಅಥವಾ ವಾರಕ್ಕೆ 48 ಗಂಟೆ ದಾಟಿದ ದುಡಿಮೆಗೆ ಎರಡರಷ್ಟು ಕೂಲಿ ಎಂದಿತ್ತು. ತಂತ್ರಾಂಶಕ್ಕೆ ಅದೆಲ್ಲ ಗೊತ್ತಿಲ್ಲ. ಓಟಿ ದರ ತುಂಬದಿದ್ದರೆ ಸೊನ್ನೆ ಎಂದೇ ಹಿಡಿಯುತ್ತದೆ. ಗಂಟೆಗೆ 200 ರೂಪಾಯಿಯಾದರೆ ನಮ್ಮ ಮೇಸ್ತ್ರಿಯ 32 ಗಂಟೆಗೆ 6,400 ಬರುತ್ತದೆ, ಆ 8 ಗಂಟೆ ಪುಕ್ಕಟೆ. (ತಿಂಗಳ ಸಂಬಳದ ಐಟಿಯವರು ಇದನ್ನು ಓದಿ ನಗಬಹುದು.)

ಈಗ ನನ್ನ ಮನಸ್ಸು ‘ಪಾಳಿ’ಯ ಕಡೆ ವಾಲಿದೆ. ತಂತ್ರಾಂಶದ ಕ್ಯಾಲೆಂಡರ್‌ನಲ್ಲಿ ನಾವು ಗೊತ್ತು ಮಾಡುವ ದುಡಿಮೆಯ ವೇಳೆಯೇ ಪಾಳಿ. ಅದರ ಒಳಗಿನದು ‘ಪಾಳಿಯ ಗಂಟೆ’, ದಾಟಿದ್ದು ‘ಪಾಳಿ ಮೀರಿದ ಗಂಟೆ’. ಎರಡೂ ಕೂಡಿದರೆ ಒಟ್ಟು ಕೆಲಸ. ಹೀಗೆ ಬರೆದರೆ 48ರ ತಪ್ಪು ಆಗಲಾರದು ಅನ್ನಿಸುತ್ತದೆ.

ಅನುಮಾನ ಒಂದೇ. ರಾತ್ರಿ ಪಾಳಿ, ಹಗಲು ಪಾಳಿ ಎಂದು ಸರದಿ ಇಲ್ಲದ ಕಡೆಯೂ ‘ಪಾಳಿ’ ಒಪ್ಪುತ್ತದೆಯೇ? ನಿಮ್ಮ ಊರಿನ ಕಾರ್ಖಾನೆ, ಸೈಟುಗಳಲ್ಲಿ ಇದಕ್ಕೆ ಏನನ್ನುತ್ತಾರೆ? ‘ತಾಸು’ ಎನ್ನುವ ಬಡಗಣದವರ ಮಾತು ಇದ್ದರೆ ಅದನ್ನೂ ಬರೆಯಿರಿ.