ಗೋವಿನಜೋಳದ ಸುಳಿಯೊಳಗಿನ ಹುಳು ಡ್ರೋನ್ ಕಣ್ಣಿಗೆ ಬೀಳುತ್ತಾ?

ಎರೆಹೊಲ: ನಮ್ಮದು ರಾಣೆಬೆನ್ನೂರು ಕಡೆ, ಆರು ಎಕರೆ ಗೋವಿನಜೋಳ (ಮೆಕ್ಕೆಜೋಳ), ಬಿತ್ತಿ 22 ದಿನ ಆಗಿದೆ. ಮೊನ್ನೆ ಒಬ್ಬರು ಬಂದು, ಡ್ರೋನ್ ಹಾರಿಸಿ ಫೋಟೋ ತೆಗೆದು ಎಐನಿಂದ ಹುಳು ಎಲ್ಲೆಲ್ಲಿದೆ ಅಂತ ಮ್ಯಾಪ್ ಮಾಡಿ ಕೊಡುತ್ತೇವೆ ಅಂದರು, ಎಕರೆ ಲೆಕ್ಕದಲ್ಲಿ ದುಡ್ಡು. ಹೋದ ವರ್ಷ ಸುಳಿ ತಿನ್ನುವ ಸೈನಿಕ ಹುಳು ತಡವಾಗಿ ಗೊತ್ತಾಗಿ ಮೂರು ಸಲ ಕೀಟನಾಶಕ ಹೊಡೆದಿದ್ದೆ. ಯಾರಾದರೂ ಮಾಡಿಸಿದ್ದೀರಾ?

ತುಂಗಾತೀರ: ಮಾಡಿಸಿದ್ದೆ ಅಣ್ಣಾ. ಮ್ಯಾಪ್ ಚೆಂದ ಬಂತು. ಕೆಂಪು ತೋರಿಸಿದ ಮೂಲೆಗೆ ಹೋಗಿ ನೋಡಿದರೆ ಮಳೆ ನೀರು ನಿಂತು ಬೆಳೆ ಹಳದಿಯಾಗಿತ್ತು, ಹುಳು ಒಂದೂ ಇಲ್ಲ. ವಾಪಸ್ ಬರುವಾಗ ಹಸಿರು ಇದ್ದ ಕಡೆ ಸುಮ್ನೆ ಒಂದು ಗಿಡದ ಸುಳಿ ಬಿಡಿಸಿದೆ, ಒಳಗೆ ಒದ್ದೆ ಕಟ್ಟಿಗೆ ಪುಡಿಯಂಥ ಹಿಕ್ಕೆ, ಅದರ ಕೆಳಗೆ ಹುಳು ಆರಾಮಾಗಿ ಕೂತಿತ್ತು! ತಲೆ ಮೇಲೆ ತಲೆಕೆಳಗಾದ ವೈ ಗುರುತು, ಬಾಲದ ಹತ್ತಿರ ಚೌಕಾಗಿ ನಾಲ್ಕು ಚುಕ್ಕಿ.

ಬದುವಿನ_ಬೇವು: ಆ ಕ್ಯಾಮೆರಾ ನೋಡುವುದು ಎಲೆಯಿಂದ ವಾಪಸ್ ಬರುವ ಬೆಳಕನ್ನು. ಗಿಡ ಸೊರಗಿದೆ ಅಂತ ಹೇಳುತ್ತದೆ, ಯಾಕೆ ಅಂತ ಹೇಳಲ್ಲ. ಯೂರಿಯಾ ಕಮ್ಮಿಯಾದರೂ ಹಳದಿ, ನೀರು ಜಾಸ್ತಿಯಾದರೂ ಹಳದಿ. ಕೆಳಗೆ ಹಾರಿಸಿ ಎಲೆಯ ತೂತು ಗುರುತಿಸಬಹುದು, ಆದರೆ ರೆಕ್ಕೆ ಗಾಳಿಗೆ ಎಲೆ ಅಲ್ಲಾಡಿ ಫೋಟೋ ಮಸುಕಾಗುತ್ತದೆ. 2018ರಲ್ಲಿ ಈ ಹುಳು ದೇಶದಲ್ಲೇ ಮೊದಲು ಸಿಕ್ಕಿದ್ದು ನಮ್ಮ ಶಿವಮೊಗ್ಗದಲ್ಲಿ, ಆಗಿನಿಂದ ನಾವು ನಂಬಿರುವುದು ಮೋಹಕ ಬಲೆಯನ್ನೇ, ಅಂದರೆ ಹೆಣ್ಣು ಪತಂಗದ ವಾಸನೆಯಿಂದ ಗಂಡು ಪತಂಗವನ್ನು ಸೆಳೆದು ಹಿಡಿಯುವ ಬಲೆ. ದಿನಕ್ಕೆ ಬಲೆಗೊಂದು ಪತಂಗ ಬಿದ್ದರೆ, ಇಲ್ಲವೇ ನೂರು ಗಿಡದಲ್ಲಿ ಐದಕ್ಕೆ ಹಾನಿ ಕಂಡರೆ, ಈ ವಯಸ್ಸಿನ ಬೆಳೆಗೆ ಶೇ 5ರ ಬೇವಿನ ಬೀಜದ ಕಷಾಯ ಹೊಡೆಯಿರಿ, ಸುಳಿಯೊಳಗೆ ಇಳಿಯುವ ಹಾಗೆ.

ಮೊಬೈಲ್_ರೈತ: ಡ್ರೋನನ್ನು ಪೂರ್ತಿ ಬೈಯಬೇಡಿ. ಐವತ್ತು ಎಕರೆ ಇದ್ದವರಿಗೆ ಮೊದಲು ಯಾವ ಮೂಲೆಗೆ ಹೋಗಬೇಕು ಅನ್ನುವುದಾದರೂ ಗೊತ್ತಾಗುತ್ತೆ. ಆರು ಎಕರೆಗೆ ಯಾಕೆ, ಕಾಲಿಲ್ವಾ? ಎಐ ಬೇಕೇ ಬೇಕು ಅಂದರೆ ಕೇಂದ್ರ ಕೃಷಿ ಇಲಾಖೆ 2024ರ ಆಗಸ್ಟ್‌ನಲ್ಲಿ ಬಿಟ್ಟ ಎನ್‌ಪಿಎಸ್‌ಎಸ್ (ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆ) ಆ್ಯಪ್ ಇದೆ, ಫೋಟೋ ಹಾಕಿದರೆ ಯಾವ ಕೀಟ ಅಂತ ಹೇಳುತ್ತದೆ. ದೂರದಿಂದ ಗಿಡದ ಫೋಟೋ ಹಾಕಬೇಡಿ, ಸುಳಿ ಬಿಡಿಸಿ ಹುಳುವಿನದೇ ಹತ್ತಿರದಿಂದ ತೆಗೆಯಿರಿ.

ಎರೆಹೊಲ: ಬೆಳಿಗ್ಗೆ ಐದು ಕಡೆ ನಿಂತು ಇಪ್ಪತ್ತಿಪ್ಪತ್ತು ಗಿಡ ನೋಡಿದೆ. ನೂರರಲ್ಲಿ ಒಂಬತ್ತಕ್ಕೆ ಬಿದ್ದಿದೆ. ಡ್ರೋನ್‌ನವರಿಗೆ ಬೇಡ ಅಂತ ಫೋನ್ ಮಾಡಿದೆ, ಬೇವಿನ ಬೀಜ ಕುಟ್ಟಲು ಮನೆಯವರು ಕೂತಿದ್ದಾರೆ.